ಮಲ್ಲಿಗೆ ಬಿಡಿಸಿದ ಮೇಲೆ ನೀರು

ಮಾರ್ಚ್ 18

ಸುಪ್ರಜಾ ಧಾರವಾಡದಿಂದ ಫೋನ್ ಮಾಡಿದ್ದಳು. ಮಗಳು ಫೋನ್ ಮಾಡಿದರೆ ಯಾವ ತಂದೆಗಾದರೂ ಸಂತೋಷವೇ. ನನಗೂ ಆಯಿತು, ಅವಳು ವಿಷಯಕ್ಕೆ ಬರುವ ತನಕ.

ಮೇ ತಿಂಗಳಲ್ಲಿ ಅವಳನ್ನು ಕಾಲೇಜಿನವರು ಮೂರು ವಾರದ ತರಬೇತಿಗೆ ಹಾಕಿದ್ದಾರಂತೆ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ಅದನ್ನು ಮುಗಿಸಿದರೆ ಬಡ್ತಿ. ಅಳಿಯಂದಿರಿಗೆ ಅದೇ ಹೊತ್ತಿಗೆ ಬ್ಯಾಂಕಿನ ಇನ್‌ಸ್ಪೆಕ್ಷನ್ ಎಂದು ಊರೂರು ತಿರುಗಾಟ. ತನ್ಮಯಿಯ ಶಿಶುವಿಹಾರಕ್ಕೆ ಬೇಸಿಗೆ ರಜ. ನಾಲ್ಕು ವರ್ಷದ ಮಗುವನ್ನು ಯಾರು ನೋಡಿಕೊಳ್ಳಬೇಕು?

"ನೀವು ಬನ್ನಿ ಅಪ್ಪ."

"ಗಿಡ ಒಣಗಿಹೋಗ್ತವೆ ಕಣೇ. ಮೇ ತಿಂಗಳ ಬಿಸಿಲು ಅಂದ್ರೆ..."

"ಗೊತ್ತಿತ್ತು ಹೀಗೇ ಅಂತೀರ ಅಂತ. ಮಗು ಹುಟ್ಟುಹಬ್ಬಕ್ಕೆ ಕರೆದ್ರೂ ಗಿಡ, ದೀಪಾವಳಿಗೆ ಕರೆದ್ರೂ ಗಿಡ. ಅಮ್ಮ ಇದ್ದಾಗ ಗಿಡ ಇರ್ಲಿಲ್ವಾ? ಇಬ್ರೂ ಬಂದು ತಿಂಗಳು ಇದ್ದು ಹೋಗ್ತಿರ್ಲಿಲ್ವಾ?"

ಆಗ ಯಮುನಾ ನೀರು ಹಾಕಲು ಯಾರಿಗೋ ಹೇಳಿ ಬರುತ್ತಿದ್ದಳು. ಯಾರಿಗೆ ಎಂದು ನಾನು ಕೇಳಿದವನಲ್ಲ. ಅವಳು ಹೋದ ಮೇಲೆ ಒಮ್ಮೆ ಒಬ್ಬ ಮಾಲಿಯನ್ನು ಗೊತ್ತು ಮಾಡಿದ್ದೆ. ಅವನು ಅವಳ ಕನಕಾಂಬರವನ್ನೆಲ್ಲ ಕಳೆ ಎಂದು ಕಿತ್ತು ಗುಡ್ಡೆ ಹಾಕಿದ. ಅಂದು ಗೇಟಿಗೆ ಹಾಕಿದ ಬೀಗ, ಇಂದಿಗೂ ಇದೆ. ಕೀ ನನ್ನ ಜನಿವಾರದಲ್ಲಿ.

"ಅಪ್ಪ, ಈ ಸಲ ನೀವು ಬರ್ಲಿಲ್ಲ ಅಂದ್ರೆ ನಾನು ತರಬೇತಿ ಬಿಟ್ಬಿಡ್ತೀನಿ. ಜಗಳ ಏನಿಲ್ಲ. ಆದ್ರೆ ಇನ್ಮೇಲೆ ಕರೆಯೋದೂ ಇಲ್ಲ."

ಜಗಳವಾಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವಳ ದನಿ ತಣ್ಣಗಿತ್ತು. ಬರ್ತೀನಿ ಎಂದುಬಿಟ್ಟೆ. ಎಂದ ಮೇಲೆ ಒಂದು ಗಂಟೆ ವರಾಂಡದಲ್ಲಿ ಕೂತಿದ್ದೆ. ದುಂಡುಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಕರಿಬೇವು, ಇನ್ನು ಕುಂಡಗಳ ಸಾಲು ಸಾಲು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ವಾಟ್ ಈಸ್ ಟು ಬಿ ಡನ್?

ಮಾರ್ಚ್ 19

ಬಿ.ಎಸ್‌ಸಿ. ಓದಿದ್ದು ಯಾವ ಕಾಲಕ್ಕೆ ಬರಬೇಕು? ವೈಜ್ಞಾನಿಕವಾಗಿ ಮುಂದುವರಿಯುವುದೆಂದು ತೀರ್ಮಾನಿಸಿದೆ.

ಎಯ್ಮ್: ಮನುಷ್ಯರ ಸಹಾಯವಿಲ್ಲದೆ ಗಿಡಗಳಿಗೆ ನೀರುಣಿಸುವುದು. ಅಪರೇಟಸ್: ಖಾಲಿ ನೀರಿನ ಬಾಟಲಿಗಳು, ಬಿಸಿ ಮಾಡಿದ ದಬ್ಬಣ. ಪ್ರೊಸೀಜರ್: ಮುಚ್ಚಳಕ್ಕೆ ತೂತು ಮಾಡಿ, ನೀರು ತುಂಬಿ, ಬಾಟಲಿಯನ್ನು ತಲೆಕೆಳಗಾಗಿ ಮಣ್ಣಿಗೆ ಊರುವುದು. ಪ್ರಿಕಾಷನ್ಸ್: ಪ್ಯಾರಲಾಕ್ಸ್ ಎರರ್ ತಪ್ಪಿಸಬೇಕು. ಇದನ್ನು ಎಲ್ಲ ಪ್ರಯೋಗಕ್ಕೂ ಬರೆಯುತ್ತಿದ್ದೆವು, ಒಂದು ಮಾರ್ಕು ಖಂಡಿತ ಸಿಗುತ್ತಿತ್ತು. ಅದೇನೆಂದು ಆಗಲೂ ಗೊತ್ತಿರಲಿಲ್ಲ.

ಊಟಕ್ಕೆ ಬ್ರೆಡ್ಡು, ಉಪ್ಪಿನಕಾಯಿ.

ಮಾರ್ಚ್ 22

ಇನ್ಫರೆನ್ಸ್: ಕೆಲವು ಬಾಟಲಿ ಒಂದೇ ತಾಸಿನಲ್ಲಿ ಖಾಲಿ. ಕೆಲವು ಇನ್ನೂ ತುಂಬಿಕೊಂಡೇ ನಿಂತಿವೆ. ತುಳಸಿ ಕೊಳೆಯುತ್ತಿದೆ, ಪಕ್ಕದ ದೊಡ್ಡಪತ್ರೆ ಒಣಗುತ್ತಿದೆ.

ಸಂಜೆ ಎನ್.ಆರ್. ಕಾಲೋನಿಯಿಂದ ಶೀನಣ್ಣ ಬಂದ. ಕಾಲೇಜಿನಿಂದಲೂ ಜೊತೆಗಿರುವ ಪ್ರಾಣಿ. ಮಂಡಿ ನೋವು, ಕೈಯಲ್ಲಿ ಕೋಲು, ಬಾಯಿ ಮಾತ್ರ ಮೊದಲಿನಂತೆಯೇ. ಗೇಟಿನ ಬೀಗ ತೆಗೆಯುವ ತನಕ ಕಂಬಿಗಳ ನಡುವಿಂದ ಬಾಟಲಿಗಳನ್ನು ನೋಡಿದ.

"ಏನೋ ಹರಿ, ತೋಟದಲ್ಲಿ ಪಾರ್ಟಿ ಮಾಡಿದ್ಯಾ? ನನ್ನನ್ನ ಕರೀಲೇ ಇಲ್ಲ?"

ಹೇಳಿದೆ. ಅವನು ನಗುವುದನ್ನು ಮುಗಿಸಿ, "ನಮ್ಮ ಭಾವಮೈದ ಮಾಗಡಿ ಹತ್ರ ತೆಂಗಿಗೆ ಡ್ರಿಪ್ ಹಾಕ್ಸಿದಾನೆ. ನೀನೂ ಹಾಕ್ಸು. ಯಾರಾದ್ರೂ ಬಂದು ಹಾಕ್ಕೊಡ್ತಾರೆ," ಎಂದ.

"ಯಾರೂ ಬರೋದು ಬೇಡ. ನಾನೇ ಹಾಕ್ತೀನಿ."

"ಬಲ್ಬ್ ಬದಲಾಯಿಸೋಕೆ ಯಮುನಾನ ಕರೀತಿದ್ದೋನು ನೀನು."

ನಿಜವೇ. ಆದರೆ ಬಲ್ಬು ಬೇರೆ, ಇದು ಬೇರೆ. ಇದು ಹೈಡ್ರೋಸ್ಟ್ಯಾಟಿಕ್ಸು.

ಮಾರ್ಚ್ 24

ಹನಿ ನೀರಾವರಿಯ ಸಾಮಾನು ತರಲು ಎಸ್.ಜೆ.ಪಿ. ರಸ್ತೆಗೆ ಹೋದೆ. ಆ ಕಡೆ ಹೋಗಿ ಎಷ್ಟು ವರ್ಷವಾಗಿತ್ತೋ. ಅಂಗಡಿಯ ಮೇಲೆ ಅಂಗಡಿ, ಪೈಪಿನ ಮೇಲೆ ಪೈಪು, ಒಂದು ಆಟೊ ನನ್ನ ಚಪ್ಪಲಿಯ ಮೇಲೆ. ಒಂದು ಅಂಗಡಿಯಲ್ಲಿ ಕುಶಾಲ್ ಎಂಬುವನು, ಅವನೇ ಮಾಲೀಕ, ಸಮಾಧಾನವಾಗಿ ಕೂರಿಸಿ ಕೇಳಿದ.

"ಎಷ್ಟು ಗಿಡ ಅಂಕಲ್?"

ನಾನು ಗಿಡಗಳ ಹೆಸರು ಹೇಳತೊಡಗಿದೆ. ಮಲ್ಲಿಗೆಯಿಂದ ಶುರುಮಾಡಿ, ಯಾವುದನ್ನು ಯಮುನಾ ಎಲ್ಲಿಂದ ತಂದಳು ಎಂಬುದೂ ಬಂತು. ಅವನು ನಡುವೆ ಮಾತಾಡದೆ ಕೇಳಿ, ಕೊನೆಗೆ, "ಸರಿ ಅಂಕಲ್, ಒಂದು ಸುರುಳಿ ಪೈಪ್ ಸಾಕು," ಎಂದ.

ಕಪ್ಪು ಪೈಪಿನ ಸುರುಳಿ, ಸೂಜಿಯಂಥ ಸಣ್ಣ ಕೊಳವೆಗಳು, ಹನಿ ಬೀಳಿಸುವ ಡ್ರಿಪ್ಪರುಗಳು, ಕಸ ತಡೆಯುವ ಫಿಲ್ಟರು, ನಲ್ಲಿಗೆ ಕಚ್ಚಿಸುವ ಟೈಮರು. ಟೈಮರಿಗೆ ಗಾಜಿನ ಮುಖ, ಅಂಕಿಗಳು ಮಿನುಗುತ್ತವೆ. ಮಲ್ಲಿಗೆಗೆಂದು ಒಂದು ತುಂತುರಿನ ಮೂತಿಯನ್ನು ಸುಮ್ಮನೆ ಕೊಟ್ಟ. ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರು, "ಏನ್ ಸಾರ್, ಹಾವಾಡಿಗರಾ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ.

ಮಾರ್ಚ್ 27

ಪೈಪು ಕತ್ತರಿಸುವುದು ಸುಲಭ, ಈಳಿಗೆಮಣೆ ಸಾಕು. ಕತ್ತರಿಸಿದ ತುದಿಗೆ, ಕವಲು ಒಡೆಯಲು ಬೇಕಾದ 'T' ಆಕಾರದ ತುಂಡನ್ನು ತುರುಕುವುದು ಇದೆಯಲ್ಲ, ಅದು ಪರಮ ಕಷ್ಟ. ಪೈಪಿನ ಬಾಯಿ ಕಿರಿದು, ತುಂಡಿನ ಕತ್ತು ದಪ್ಪ. ಬಿಸಿಲಲ್ಲಿ ಕೂತು ನೂಕಿದೆ, ತಿರುಚಿದೆ, ಬೈದೆ. ಕೈ ಜಾರಿ ಬೆರಳು ಕೆಂಪಾಯಿತು.

ಗೋಡೆಯ ಆಚೆಯಿಂದ ಮಾತು ಬಂತು. "ಬಳೆ ಇಡ್ಸೋದನ್ನ ನೋಡೇ ಇಲ್ವೇನ್ರೀ ನೀವು? ಸೋಪು ಹಚ್ಚಿ."

ಎದುರು ಮನೆಯ ಸರಸ್ವತಮ್ಮ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಯಮುನೆಗೆ ಬಹಳ ಬೇಕಾದವರು. ಅವಳು ಹೋದ ಮೇಲೆ ನಾವು ಮಾತಾಡಿದ್ದು ಕಡಿಮೆ. ಮಾತಾಡಲು ಏನಿದೆ?

ಸೋಪು ಹಚ್ಚಿದೆ. ಬಿಸಿನೀರಿನಲ್ಲೂ ಅದ್ದಿದೆ, ಅದು ನನ್ನ ಸ್ವಂತ ಸೇರಿಕೆ. ಪ್ಲಾಸ್ಟಿಕ್ಕು ಎಕ್ಸ್‌ಪ್ಯಾಂಡ್ಸ್ ಆನ್ ಹೀಟಿಂಗ್. ಸರ್ರನೆ ಹೋಯಿತು. ಥ್ಯಾಂಕ್ಸ್ ಹೇಳಲು ತಲೆಯೆತ್ತಿದರೆ ಅವರು ಆಗಲೇ ಒಳಗೆ ಹೋಗಿದ್ದರು.

ಮಾರ್ಚ್ 31

ನಿನ್ನೆ ಯುಗಾದಿ. ಸರಸ್ವತಮ್ಮನವರ ಮನೆಯಿಂದ ಗೇಟಿನ ಕಂಬಿಯ ಸಂದಿಯಲ್ಲಿ ಡಬ್ಬಿ ಬಂತು, ಒಬ್ಬಟ್ಟು. ಇವತ್ತೂ ಅದೇ ಊಟ.

ಪೈಪು ಪೂರ್ತಿಯಾಯಿತು. ಕಾಂಪೌಂಡಿನ ಸುತ್ತ ಒಂದು ಸುತ್ತು, ಪಕ್ಕದ ಓಣಿಯಲ್ಲಿ ಒಂದು ಕವಲು, ಪ್ರತಿ ಗಿಡದ ಬುಡಕ್ಕೂ ಒಂದು ಸಣ್ಣ ಕೊಳವೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ನಲ್ಲಿಗೆ ಟೈಮರು. ಒತ್ತಿದೆ. ಟಿಕ್ ಎಂದಿತು. ನೀರು ಬರಲಿಲ್ಲ. ಮತ್ತೆ ಒತ್ತಿದೆ. ಟಿಕ್. ಒಂದು ಹನಿ ಇಲ್ಲ.

ಕುಶಾಲನಿಗೆ ಫೋನ್ ಮಾಡಿದೆ.

"ಟ್ಯಾಂಕ್ ಎಷ್ಟು ಎತ್ತರ ಇದೆ ಅಂಕಲ್?"

"ಮನೆ ಮೇಲೇ. ಮಹಡಿ ಇಲ್ಲ ನಮಗೆ."

"ಅಯ್ಯೋ! ಅದು ನೀರಿನ ಒತ್ತಡ ಇದ್ರೆ ಮಾತ್ರ ಬಾಯಿ ಬಿಡೋ ಜಾತಿ. ನಾನೇ ಕೇಳ್ಬೇಕಿತ್ತು, ನಂದೇ ತಪ್ಪು. ತನ್ನಿ, ಬದಲಾಯಿಸಿ ಕೊಡ್ತೀನಿ."

ಒತ್ತಡ ಎಂದರೆ ಎಚ್ ರೋ ಜಿ. ಎಚ್ ಎಂದರೆ ಎತ್ತರ. ಜಿ ಎಂದರೆ ಗ್ರಾವಿಟಿ. ರೋ ಏನೋ ಒಂದು. ಒಟ್ಟಿನಲ್ಲಿ ಎಚ್ ಸಾಲದು.

ಏಪ್ರಿಲ್ 2

ಹೊಸ ಟೈಮರು ತಂದೆ. ಇದಕ್ಕೆ ಅಂಕಿ ಮಿನುಗುವುದಿಲ್ಲ, ಹಳೆಯ ರೇಡಿಯೋದಂತೆ ಎರಡು ತಿರುಗಣೆ ಮಾತ್ರ. ಒಂದು, ಎಷ್ಟು ಹೊತ್ತಿಗೊಮ್ಮೆ ನೀರು ಬಿಡಬೇಕು ಎಂಬುದಕ್ಕೆ. ಇನ್ನೊಂದು, ಎಷ್ಟು ನಿಮಿಷ ಎಂಬುದಕ್ಕೆ. ಒತ್ತಡ ಇರಲಿ ಬಿಡಲಿ ತೆರೆಯುತ್ತದೆಯಂತೆ.

ಈಗಲೇ ತಿರುಗಿಸೋಣ ಎಂದಿದ್ದೆ. ಶೀನಣ್ಣ ಬಿಡಲಿಲ್ಲ.

"ಇವತ್ತು ಬುಧವಾರ, ಮಟಮಟ ಮಧ್ಯಾಹ್ನ, ರಾಹುಕಾಲ! ಬುದ್ಧಿ ಇದ್ಯಾ? ಮೊದಲೇ ನಿಂದು ಒಂದು ಸಲ ಕೈಕೊಟ್ಟಿದೆ. ಭಾನುವಾರ ರಾಮನವಮಿ. ರಾಮ ಹುಟ್ಟಿದ್ದು ಅಭಿಜಿನ್ ಮುಹೂರ್ತದಲ್ಲಿ. ಅವತ್ತು ಮಾಡು, ಯಾವ ದೋಷಾನೂ ತಟ್ಟಲ್ಲ."

ನನಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ರಿಸ್ಕು ಯಾಕೆ?

ಏಪ್ರಿಲ್ 6, ರಾಮನವಮಿ

ಸಕ್ಸಸ್! ಗ್ರ್ಯಾಂಡ್ ಸಕ್ಸಸ್!

ಪಾನಕ ನಾನೇ ಮಾಡಿದೆ. ಮೆಣಸು ಜಾಸ್ತಿಯಾಗಿ ಶೀನಣ್ಣನಿಗೆ ಕೆಮ್ಮು ಬಂತು. ಕೋಸಂಬರಿ ಸರಸ್ವತಮ್ಮನವರದು. ಗೇಟು ತೆಗೆದು ಒಳಗೆ ಕರೆದೆ. ಕರೆಯದೆ ಇರಲು ಆಗುತ್ತದೆಯೇ, ಕೋಸಂಬರಿ ಅವರ ಕೈಯಲ್ಲಿತ್ತು. ಸೂರ್ಯ ನೆತ್ತಿಗೆ ಬಂದಾಗ ಶೀನಣ್ಣ ಗಡಿಯಾರ ನೋಡಿ, "ಹೂಂ, ಈಗ!" ಎಂದ. ತಿರುಗಣೆ ತಿರುಗಿಸಿದೆ. ದಿನಕ್ಕೊಮ್ಮೆ, ಹದಿನೈದು ನಿಮಿಷ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪೈಪಿನೊಳಗೆ ಗಾಳಿ ಗುಡುಗುಡು ಎಂದು, ದಾಸವಾಳದ ಬುಡದಲ್ಲಿ ಒಂದು ಹನಿ. ಕರಿಬೇವಿನ ಬುಡದಲ್ಲಿ ಒಂದು. ಹಾಗೇ ಸಾಲಾಗಿ. ತುಂತುರಿನ ಮೂತಿ ಮಾತ್ರ ಮಲ್ಲಿಗೆಯ ಮೇಲೆ ಎಲೆಅಡಿಕೆ ಉಗುಳಿದಂತೆ ಉಗುಳಿತು.

ಹೆನ್ಸ್ ಪ್ರೂವ್ಡ್.

ಏಪ್ರಿಲ್ 7

ಇಂದೂ ನೀರು ಬಂತು. ಮಟಮಟ ಮಧ್ಯಾಹ್ನಕ್ಕೇ ಬಂತು! ಬಿಸಿಲಿಗೆ ಕಾದ ಕಪ್ಪು ಪೈಪಿನಿಂದ ಮೊದಲು ಬಂದ ನೀರಿಗೆ ಬೆರಳೊಡ್ಡಿದರೆ ಸ್ನಾನಕ್ಕೆ ಹದವಾಗಿತ್ತು. ಮೆಂತ್ಯದ ಸೊಪ್ಪಿನ ಕುಂಡದಲ್ಲಿ ಸೊಪ್ಪು ಬೆಂದಂತೆ ಮಲಗಿದೆ.

ಕುಶಾಲ್ ಹೇಳಿದ. "ಅಂಕಲ್, ಅದರಲ್ಲಿ ಗಡಿಯಾರ ಇಲ್ಲ. ನೀವು ಯಾವ ಹೊತ್ತಲ್ಲಿ ತಿರುಗಿಸ್ತೀರೋ ಪ್ರತಿದಿನ ಅದೇ ಹೊತ್ತಿಗೆ ಶುರುವಾಗತ್ತೆ. ಮಧ್ಯಾಹ್ನ ಯಾಕೆ ತಿರುಗಿಸಿದ್ರಿ?"

ರಾಮ ಹುಟ್ಟಿದ ಹೊತ್ತು ಎಂದು ಹೇಳಲಿಲ್ಲ. ಶೀನಣ್ಣನಿಗೆ ಮಾತ್ರ ಹೇಳಿದೆ. "ಮುಹೂರ್ತ ಒಳ್ಳೇದೇ ಕಣೋ. ರಾಮನಿಗೆ ಒಳ್ಳೇದು, ಸೊಪ್ಪಿಗೆ ಅಲ್ಲ, ಅಷ್ಟೆ," ಎಂದ.

ಹಾಗಾದರೆ ಬೆಳಗಿನ ಜಾವ ಐದಕ್ಕೆ ಎದ್ದು ತಿರುಗಿಸಬೇಕು. ಐದಕ್ಕೆ! ಯಮುನಾ ಹೋದ ಮೇಲೆ ನಾನು ಎಂಟರ ಮುಂಚೆ ಎದ್ದಿದ್ದೇ ಇಲ್ಲ.

ಏಪ್ರಿಲ್ 9

ನಿನ್ನೆ ಅಲಾರಂ ಆರಿಸಿ ಮಲಗಿಬಿಟ್ಟೆ. ಇವತ್ತು ಎದ್ದೆ. ಎದ್ದಿದ್ದಕ್ಕೆ ಒಂದು ಪತ್ತೇದಾರಿ ಕೆಲಸವೂ ಆಯಿತು.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಟೈಮರಿನ ಹತ್ತಿರ ಬಗ್ಗಿದ್ದೇನೆ, ಎಲೆ ಅಲುಗುವ ಸದ್ದು. ನೋಡಿದರೆ, ಗೋಡೆಯ ಮೇಲಿಂದ ಒಂದು ಛತ್ರಿಯ ಹಿಡಿ ಒಳಗೆ ಬಂದು ಮಲ್ಲಿಗೆಯ ಕೊಂಬೆಯನ್ನು ಕೊಕ್ಕೆ ಹಾಕಿ ಆಚೆಗೆಳೆಯುತ್ತಿದೆ! ದಿನಾ ನಾನು ಏಳುವ ಹೊತ್ತಿಗೆ ಬೀದಿ ಕಡೆಯ ಮಲ್ಲಿಗೆ ಬೋಳಾಗಿರುತ್ತಿತ್ತು. ವಾಕಿಂಗಿನವರ ಕೆಲಸವೆಂದು ಅವರನ್ನೆಲ್ಲ ಮನಸ್ಸಿನಲ್ಲೇ ಬೈದಿದ್ದೆ.

"ಯಾರದು?" ಎಂದೆ.

ಛತ್ರಿ ಅಲ್ಲೇ ನಿಂತಿತು. "ನಾನು," ಎಂದಿತು ಆಚೆಯ ದನಿ. ಸಿಕ್ಕಿಬಿದ್ದವರ ದನಿಯಲ್ಲ, ತರಗತಿಗೆ ತಡವಾಗಿ ಬಂದವನನ್ನು ವಿಚಾರಿಸುವ ದನಿ. "ನೀವೇನು ಇಷ್ಟು ಹೊತ್ತಿಗೆ ಎದ್ದಿದೀರ?"

"ಸರಸ್ವತಮ್ಮನೋರೆ! ನಮ್ಮ ಕಾಂಪೌಂಡಲ್ಲಿ ನಾನು ಯಾಕೆ ಎದ್ದಿದೀನಿ ಅಂತ ನೀವು ಕೇಳೋದಾ? ಇದು ಕಳ್ಳತನ ಅಲ್ವೇನ್ರೀ?"

"ದೇವರಿಗೆ ಬಿಡಿಸಿದ್ರೆ ಎಂಥ ಕಳ್ಳತನ? ಮೊದಲು ಯಮುನಾನೇ ಬಿಡಿಸಿ ಬುಟ್ಟೀಲಿ ಕೊಡೋಳು. ನೀವಿಬ್ರೂ ಊರಿಗೆ ಹೋದಾಗ ಈ ಗಿಡಕ್ಕೆಲ್ಲ ನೀರು ಹಾಕ್ತಿದ್ದೋಳು ನಾನು. ಈಗ ನೀವು ಗೇಟಿಗೆ ಬೀಗ ಜಡಿದು ಎಂಟು ಗಂಟೆ ತನಕ ಮಲಗಿದ್ರೆ? ಅರಳಿದ್ದು ಉದುರಿ ಮಣ್ಣಾಗೋದನ್ನ ನೋಡ್ತಾ ನಿಂತ್ಕೊಳ್ಳಲಾ?"

ನಾನು ಬಗ್ಗಿ ಟೈಮರಿಗೆ ಕೈ ಹಾಕಿದೆ.

"ಏ, ಏ, ಈಗ್ಲೇ ತಿರುಗಿಸ್ಬೇಡಿ! ನಿಮ್ಮ ಆ ಮೂತಿ ಉಗುಳತ್ತಲ್ಲ, ಹೂವೆಲ್ಲ ಒದ್ದೆಯಾಗತ್ತೆ. ಒದ್ದೆ ಹೂ ಕಟ್ಟಿದ್ರೆ ಸಂಜೆಗೆ ಕೊಳೆತುಹೋಗತ್ತೆ. ನಾನು ಬಿಡಿಸಿ ಮುಗಿಸ್ತೀನಿ, ಆಮೇಲೆ ತಿರುಗಿಸ್ಕೊಳ್ಳಿ."

ನನ್ನ ಮನೆ, ನನ್ನ ಗಿಡ, ನನ್ನ ನೀರು. ನಾನು ಟವಲು ಹೊದ್ದು ನಿಂತು ಕಾದೆ! ಅವರು ಮುಗಿಸಿ "ಹೂಂ" ಎಂದ ಮೇಲೆ ತಿರುಗಿಸಿದೆ. ಗೋಡೆಯ ಮೇಲೆ ಒಂದು ಬೊಗಸೆ ಮಲ್ಲಿಗೆ ಇಟ್ಟು, "ಯಮುನಾ ಫೋಟೋಗೆ," ಎಂದು ಹೋದರು. ನನ್ನ ಹೂವನ್ನೇ ನನಗೆ ದಾನ.

ಫೋಟೋಗೆ ಹಾಕಿದೆ. ಗಾಜು ಒರೆಸಬೇಕಾಗಿತ್ತು, ಒರೆಸಿದೆ.

ಏಪ್ರಿಲ್ 10

ನೀರು ಸರಿಯಾದ ಹೊತ್ತಿಗೆ ತಾನಾಗಿ ಬಂತು. ನಾನೂ ಎದ್ದಿದ್ದೆ. ಏಳಬೇಕಾದ ಅಗತ್ಯವಿರಲಿಲ್ಲ, ಫುಲ್ಲಿ ಆಟೊಮ್ಯಾಟಿಕ್.

ಏಪ್ರಿಲ್ 17

ಇಂದು ಸರಸ್ವತಮ್ಮನವರು ತಡವಾಗಿ ಬಂದರು, ನೆಗಡಿಯಂತೆ. ಅಷ್ಟರಲ್ಲಿ ಮೂತಿ ಉಗುಳಲು ಶುರುಮಾಡಿತ್ತು. ಸೀರೆಯ ಸೆರಗು ನೆನೆಯಿತು.

"ನಿಮ್ಮ ಯಂತ್ರಕ್ಕೆ ಮುಲಾಜೇ ಇಲ್ಲ ನೋಡಿ."

"ಅದು ಪಂಕ್ಚುಯಲ್ಲು. ನಿಮ್ಮ ಸ್ಕೂಲಲ್ಲಿ ತಡವಾಗಿ ಬಂದೋರನ್ನ ಏನ್ ಮಾಡ್ತಿದ್ರಿ?"

"ಹೊರಗೆ ನಿಲ್ಲಿಸ್ತಿದ್ದೆ."

"ನೀವು ಈಗಲೂ ಹೊರಗೇ ನಿಂತಿದೀರಲ್ಲ."

ಅವರು ನಕ್ಕರು. ಆಮೇಲೆ ಒಪ್ಪಂದವಾಯಿತು: ನಾಳೆಯಿಂದ ನೀರು ಇನ್ನೂ ಅರ್ಧ ಗಂಟೆ ತಡ, ಮೇಲಿನ ಕೊಂಬೆಯ ಮೊಗ್ಗು ನನ್ನವು, ಬೀದಿ ಕಡೆಯವು ಅವರವು, ಸೋಮವಾರ ಎಲ್ಲವೂ ಅವರವು. ಗಣಿತದವರೊಡನೆ ಚೌಕಾಶಿಗೆ ಇಳಿಯಬಾರದು.

ಗಾಂಧಿ ಬಜಾರಿಗೆ ಹೋಗಿ ಕಾಫಿಪುಡಿ ತಂದೆ. ನನ್ನ ಹತ್ತಿರ ಇದ್ದದ್ದು ಮುಗ್ಗಾಗಿತ್ತು. ಗೋಡೆಯ ಮೇಲೆ ಲೋಟ ಇಡುವಷ್ಟು ಜಾಗವಿದೆ, ಈಚೆಗೊಂದು ಆಚೆಗೊಂದು. ಕಾಫಿ ತೆಳ್ಳಗಾಯಿತೆಂದರು. ನಾಳೆ ಡಿಕಾಕ್ಷನ್ ರಾತ್ರಿಯೇ ಹಾಕಿಡಬೇಕು.

ಮೇ 1

ಬಟ್ಟೆ ಕಟ್ಟಿದೆ. ಸುಪ್ರಜಾ ದಿನಾ ಫೋನ್ ಮಾಡಿ, "ಬರ್ತಿದೀರ ತಾನೇ?" ಎನ್ನುತ್ತಾಳೆ. ನನ್ನ ಮಾತಿನ ಮೇಲೆ ಎಷ್ಟು ನಂಬಿಕೆ ನೋಡಿ.

ಪೈಪೆಲ್ಲ ಇನ್ನೊಮ್ಮೆ ತಪಾಸಣೆ ಮಾಡಿದೆ. ಒಂದೂ ಹನಿ ಸೋರುವುದಿಲ್ಲ. ಟೈಮರಿಗೆ ಹೊಸ ಬ್ಯಾಟರಿ. ಕಾವೇರಿ ನೀರು ಬಂದಾಗ ನೆಲದಡಿಯ ಸಂಪು ತಾನಾಗಿ ತುಂಬುತ್ತದೆ, ತುಂಬಿದರೆ ನಿಲ್ಲಿಸಲು ತೇಲುವ ಬಾಲ್ ಇದೆ. ಎಲ್ಲವೂ ಸರಿ.

"ಕೀ ನನ್ನ ಹತ್ರ ಕೊಟ್ಟಿರೋ," ಎಂದ ಶೀನಣ್ಣ.

"ಬೇಡ. ದ ಸಿಸ್ಟಮ್ ಈಸ್ ಸೆಲ್ಫ್ ಸಫಿಶಿಯೆಂಟ್. ಒಬ್ರೂ ಒಳಗೆ ಕಾಲಿಡೋ ಅಗತ್ಯ ಇಲ್ಲ. ಅದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು?"

ಸರಸ್ವತಮ್ಮ ಕೀ ಕೇಳಲಿಲ್ಲ. ಚಕ್ಕುಲಿ ಕೊಟ್ಟರು, ಮಗುವಿಗೆ.

ಮೇ 2, ಧಾರವಾಡ

ಇವತ್ತಿನದು ಬರೆದರೆ ಯಾರೂ ನಂಬುವುದಿಲ್ಲ. ಯಾರಾದರೂ ನಂಬಲಿ ಎಂದು ನಾನು ಬರೆಯುತ್ತಲೂ ಇಲ್ಲ.

ರೈಲು ತುಮಕೂರು ದಾಟಿದ ಮೇಲೆ ಚಕ್ಕುಲಿಯಲ್ಲಿ ಒಂದನ್ನು ತಿಂದು ಕೈ ತೊಳೆಯಲು ಹೋದೆ. ನಲ್ಲಿ ತಿರುಗಿಸಿದರೆ ನೂಲಿನಷ್ಟು ನೀರು. ನನ್ನ ಬಲಗೈ ತನ್ನಷ್ಟಕ್ಕೆ ಎದ್ದು ಪಕ್ಕದ ಗೋಡೆಯಲ್ಲಿ ಏನನ್ನೋ ತಡಕಿತು. ಏನು ಹುಡುಕುತ್ತಿದೆ ಈ ಕೈ ಎಂದು ನೋಡಿದೆ. ಸ್ವಿಚ್ಚು. ಮೋಟರಿನ ಸ್ವಿಚ್ಚು!

ಮನೆಯಲ್ಲಿ ನಲ್ಲಿ ಸಣ್ಣಗಾದಾಗಲೆಲ್ಲ ಹಿತ್ತಲಿಗೆ ಹೋಗಿ ಮೋಟರು ಹಾಕುತ್ತೇನೆ. ಸಂಪಿನ ನೀರು ಟ್ಯಾಂಕಿಗೆ ಏರುತ್ತದೆ. ಉಸಿರಾಡಿದ ಹಾಗೆ, ಲೆಕ್ಕಕ್ಕೇ ಇಲ್ಲ. ಇಷ್ಟು ದಿನ ಟ್ಯಾಂಕು ತುಂಬಿಯೇ ಇತ್ತು, ಏಕೆಂದರೆ ತುಂಬಿಸಲು ನಾನಿದ್ದೆ. ಪೈಪು, ಫಿಲ್ಟರು, ಬ್ಯಾಟರಿ ಎಲ್ಲ ಲೆಕ್ಕ ಹಾಕಿದ್ದೆ, ನನ್ನನ್ನೇ ಬಿಟ್ಟಿದ್ದೆ. ಹೋದ ಸಲ ಯಾವಾಗ ಹಾಕಿದ್ದೆನೋ ನೆನಪಿಲ್ಲ. ಹೊರಡುವ ಗಡಿಬಿಡಿಯಲ್ಲಿ ನೋಡಲೇ ಇಲ್ಲ. ಟ್ಯಾಂಕು ಖಾಲಿಯಾದರೆ ಟೈಮರು ದಿನಾ ಬಾಯಿ ತೆರೆದು ಮುಚ್ಚುತ್ತದೆ, ಹನಿ ಬೀಳುವುದಿಲ್ಲ. ಮೂರು ವಾರ. ಮೇ ತಿಂಗಳು.

ಶೀನಣ್ಣನಿಗೆ ಫೋನ್ ಮಾಡಿದೆ. ಆಟೊ ಹಿಡಿದು ನಮ್ಮ ಮನೆ ಹತ್ತಿರ ಹೋಗಿ ಅಲ್ಲಿಂದ ಫೋನ್ ಮಾಡಿದ. "ಬೀಗ ಹಾಕಿದೀಯಲ್ಲೋ ಮಹಾರಾಯ! ನನ್ನ ಮಂಡೀಲಿ ಗೋಡೆ ಹತ್ಲಾ?"

ಅರಸೀಕೆರೆ ಬರುತ್ತಿತ್ತು. ಚೀಲ ತೆಗೆದುಕೊಂಡು ಬಾಗಿಲಿಗೆ ಬಂದೆ. ಇಳಿದು ವಾಪಸು ಹೋಗುವುದು, ಮೋಟರು ಹಾಕುವುದು, ಆಮೇಲೆ? ಮತ್ತೆ ನಾಲ್ಕು ದಿನಕ್ಕೆ ಹಾಕುವವರು ಯಾರು? ಸುಪ್ರಜೆಗೆ ಏನೆಂದು ಹೇಳುವುದು? ರೈಲು ನಿಂತಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ. ಫೋನಿನಲ್ಲಿ ದನಿ ಬದಲಾಯಿತು.

"ಎಲ್ಲಿದೀರ?" ಸರಸ್ವತಮ್ಮ.

"ಅರಸೀಕೆರೆ. ಇಳೀತಿದೀನಿ."

"ಇಳಿದ್ರೆ ನೋಡಿ ಮತ್ತೆ! ಆ ಹುಡುಗಿ ಅಲ್ಲಿ ಕಾಯ್ತಿದಾಳೆ. ಮೋಟರ್ ಸ್ವಿಚ್ ಎಲ್ಲಿದೆ ಹೇಳಿ."

"ಹಿತ್ತಲ ಬಚ್ಚಲ ಗೋಡೆ ಮೇಲೆ, ಹೊರಗಡೇನೇ. ಆದ್ರೆ ಬೀಗ... ಒಡೆದುಬಿಡಿ, ಬೀಗ ಒಡೆದುಬಿಡಿ!"

"ಒಡೆಯೋಕೆ ಸುತ್ತಿಗೆ ಹುಡುಕ್ಬೇಕು. ಶೀನಣ್ಣನೋರೆ, ಆ ಇಸ್ತ್ರಿಯವನ ಸ್ಟೂಲ್ ಕೇಳಿ. ಗಟ್ಟಿಯಾಗಿ ಹಿಡ್ಕೊಳ್ಳಿ. ಈ ಕಡೆ ನೋಡ್ಬೇಡಿ."

ಆಮೇಲೆ ಕೇಳಿಸಿದ್ದು: ಸ್ಟೂಲಿನ ಕಿರಕಿರ. ಶೀನಣ್ಣನ "ಮೆಲ್ಲಗೆ, ಮೆಲ್ಲಗೆ." ಬಳೆಯ ಸದ್ದು. "ನೋಡ್ಬೇಡಿ ಅಂದೆ!" "ನೋಡ್ದೆ ಹೆಂಗ್ರೀ ಹಿಡ್ಕೊಳ್ಳಲಿ?" ಒಂದು ದೊಡ್ಡ ಧೊಪ್.

"ಬಿದ್ರಾ? ಸರಸ್ವತಮ್ಮನೋರೆ! ಬಿದ್ರಾ?"

"ಇಳಿದೆ. ದೊಡ್ಡಪತ್ರೆ ಕುಂಡ ಒಂದು ಹೋಯ್ತು. ಹೂ ಬಿಡಿಸಿದ್ದಕ್ಕೆ ಕಳ್ಳಿ ಅಂದ್ರಿ, ಈಗ ನೀವೇ ಗೋಡೆ ಹಾರಿಸ್ತಿದೀರ."

ರೈಲು ಹೊರಟಿತು. ನಾನು ಮೆಟ್ಟಿಲ ಮೇಲಿನ ಕಾಲನ್ನು ಒಳಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ನನ್ನ ಮೋಟರು ಗುಂಯ್ ಎಂದಿತು. "ಕೇಳಿಸ್ತಾ?" ಎಂದರು. ಕೇಳಿಸಿತು. ಬಾಗಿಲಲ್ಲಿ ಪಕ್ಕ ನಿಂತಿದ್ದ, ಹಾವೇರಿಯವರಂತೆ, ಒಬ್ಬ ಯಜಮಾನರಿಗೂ ಕೇಳಿಸಿತು. ಅಷ್ಟು ಹೊತ್ತೂ ಅವರು, ನಾನು ಬೀಳದಂತೆ, ನನ್ನ ಚೀಲದ ಒಂದು ಕಿವಿ ಹಿಡಿದುಕೊಂಡೇ ಇದ್ದರು. "ಛಲೋ ಆತ್ ಬಿಡ್ರಿ," ಎಂದರು.

"ದಿನಾ ಹೀಗೆ ಹಾರೋಕಾಗಲ್ಲ ನನಗೆ," ಎಂದರು ಸರಸ್ವತಮ್ಮ.

"ಬೇಡ, ಬೇಡ. ಶೀನಣ್ಣ ಬೀಗ ಒಡೆಸ್ತಾನೆ. ಹೊಸದು ಹಾಕ್ಸಿ, ಕೀ ನೀವೇ ಇಟ್ಕೊಳ್ಳಿ."

ನಿಲ್ದಾಣಕ್ಕೆ ಸುಪ್ರಜಾ ಬಂದಿದ್ದಳು. ಬೋಗಿಯಿಂದ ಬೋಗಿಗೆ ನೋಡುತ್ತಾ ಓಡಾಡುತ್ತಿದ್ದಳು. ನಾನು ಕಂಡಾಗ ನಿಂತು, "ಬಂದ್ರಾ," ಎಂದಳು. ಚೀಲ ಕಿತ್ತುಕೊಂಡಳು.

ಮೇ 4

ತನ್ಮಯಿಗೆ ನನ್ನ ಮೀಸೆ ಇಷ್ಟವಾಗಿಲ್ಲ. ವಿಚಾರಣೆ ನಡೆಯುತ್ತಿದೆ.

ಮೇ 5

ಮೀಸೆ ತೆಗೆದೆ.

ಮೇ 11

ಸರಸ್ವತಮ್ಮನವರು ದಿನಾ ಬೆಳಿಗ್ಗೆ ವರದಿ ಕೊಡುತ್ತಾರೆ. ನಂದಿಬಟ್ಟಲು ತುಂಬಾ ಬಿಟ್ಟಿದೆ. ತುಳಸಿ ಚಿಗುರಿದೆ. ಟೈಮರು ಸರಿಯಾಗಿ ನಡೆಯುತ್ತಿದೆ, ಮೋಟರು ಅವರು ಹಾಕುತ್ತಾರೆ. ದೊಡ್ಡಪತ್ರೆಗೆ ಹೊಸ ಕುಂಡ ಸಿಕ್ಕಿದೆ. ಹಾಗೆ ಮಾತು ಬೆಳೆದು ಮಗುವಿಗೆ ಏನು ತಿಂಡಿ, ನಾನು ಮಾತ್ರೆ ತೆಗೆದುಕೊಂಡೆನೇ, ಅವರ ತಮ್ಮನ ಕಣ್ಣಿನ ಆಪರೇಷನ್ನು, ಎಲ್ಲ ಬರುತ್ತದೆ. ಸುಪ್ರಜಾ, "ಅಪ್ಪ, ಗಿಡಗಳು ಇಷ್ಟೊಂದು ಮಾತಾಡ್ತವಾ?" ಎಂದಳು. ಏನು ಹೇಳಿದಳೋ ಅರ್ಥವಾಗಲಿಲ್ಲ. ಅವಳು ತರಬೇತಿಗೆ ಹೋಗುವಾಗ ಹಾಡು ಗುನುಗುತ್ತಾ ಹೋಗುತ್ತಾಳೆ.

ಮೇ 17

ಸರಸ್ವತಮ್ಮನವರ ಫೋನು ಬಂದಿತ್ತು, ಎತ್ತಲಾಗಲಿಲ್ಲ. ಆನೆಯಾಗಿದ್ದೆ. ತನ್ಮಯಿ ಬೆನ್ನ ಮೇಲಿದ್ದಳು. ಧಾರವಾಡದ ಮಾತು ಕಲಿತಿದ್ದಾಳೆ, "ಅಜ್ಜಾ, ಏಳ ಏಳ, ಆನಿ ಕುಂಡ್ರಂಗಿಲ್ಲ," ಎನ್ನುತ್ತಾಳೆ.

ಮೇ 22

ನಾಳೆ ತರಬೇತಿಯ ಕಡೆಯ ದಿನ. ಸುಪ್ರಜಾ, "ಇನ್ನೊಂದು ವಾರ ಇದ್ದು ಹೋಗಿ," ಎಂದಳು. ಗಿಡ ಎನ್ನಲು ಬಾಯಿ ತೆರೆದೆ. ಹೂಂ ಎಂದುಬಿಟ್ಟೆ.

ಇದನ್ನು ತಿಳಿಸೋಣವೆಂದು ಸಂಜೆ ನಾನೇ ಬೆಂಗಳೂರಿಗೆ ಫೋನ್ ಮಾಡಿದೆ.

"ಇರಿ, ಇರಿ. ಗಿಡವೆಲ್ಲ ಚೆನ್ನಾಗಿದೆ," ಎಂದರು ಸರಸ್ವತಮ್ಮ. "ಆದ್ರೆ ಒಂದು ಮಾತು ಹೇಳ್ತೀನಿ ಕಣ್ರೀ. ಈಗ ಕೀ ಇದೆ, ಗೇಟ್ ತೆಗೆದು ಒಳಗೆ ಹೋಗ್ತೀನಿ, ಆರಾಮಾಗಿ ನಿಂತು ಬಿಡಿಸ್ತೀನಿ. ಕೇಳೋರಿಲ್ಲ, ಬೈಯೋರಿಲ್ಲ. ಮೇಲಿನ ಕೊಂಬೇಗೂ ಕೈ ಹಾಕ್ದೆ, ಯಾರೂ ಏನೂ ಅನ್ನಲಿಲ್ಲ. ಬೇಜಾರು."

"ಬೈಬೇಕಾ?"

"ಬೈಯೋದಾದ್ರೆ ಸರಿಯಾದ ಹೊತ್ತಿಗೆ ಬೈಬೇಕು. ಸಂಜೆ ಬೈದ್ರೆ ಏನ್ ಬಂತು?"

ಮೇ 23

ಐದೂವರೆಗೆ ಎದ್ದು ಜಗಲಿಗೆ ಹೋಗಿ ಫೋನ್ ಮಾಡಿದೆ. ಅತ್ತ ಕಡೆ ಎತ್ತಿದ ಸದ್ದಾಯಿತು, ಎಲೆ ಅಲುಗಿದ ಸದ್ದೂ.

"ಏನ್ರೀ ಅನ್ಯಾಯ ಇದು!" ಎಂದೆ, ಇದ್ದ ಗಂಟಲನ್ನೆಲ್ಲ ತೆಗೆದು. "ಹಾಡಹಗಲೇ... ಹಗಲೂ ಆಗಿಲ್ಲ ಇನ್ನೂ! ಇಷ್ಟು ಓದಿದೋರು, ನಾಲ್ಕು ಜನಕ್ಕೆ ಪಾಠ ಹೇಳಿದೋರು! ಮೇಲಿನ ಕೊಂಬೆ ಬಿಡ್ರೀ, ಬಿಡಿ ಅಂದೆ! ಸ್ಟ್ರಿಕ್ಟ್ ಆಕ್ಷನ್ ವಿಲ್ ಬಿ ಟೇಕನ್!"

ಇಲ್ಲಿನ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಸುಪ್ರಜಾ ತಲೆಗೂದಲು ಕೆದರಿಕೊಂಡು ಓಡಿಬಂದಳು. ಅವಳಿಗಿಂತ ಮುಂಚೆ ತನ್ಮಯಿ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಯಾರು ಎತ್ತ ಎಂದೂ ಕೇಳದೆ, "ಅಜ್ಜಾ ಸಿಟ್ಟಿಗೆದ್ದಾನ! ಹೂವು ಕಿತ್ತೀ ಅಂದ್ರ ನೋಡ!" ಎಂದು ಕೂಗಿದಳು.

ಅತ್ತ ಕಡೆ ನಗು. ನಿಲ್ಲಲೇ ಇಲ್ಲ, ಆಮೇಲೆ ಕೆಮ್ಮಾಯಿತು, ಮತ್ತೆ ನಗುವಾಯಿತು.

"ಹಾಂ, ಈಗ ಸರಿಹೋಯ್ತು," ಎಂದರು. "ಇಡಿ ಫೋನು. ಎರಡು ಕೈಯೂ ಬೇಕು ನನಗೆ."